ಕೇಳಿದವರಿಗೆ ಉತ್ತರ ಹೇಳಲು ಸಿದ್ಧರಿದ್ದೇವೆಯೇ?



ಪ್ರತಿ ವರ್ಷ ಅಕ್ಟೋಬರ್ ತಿಂಗಳಲ್ಲಿ ನಮ್ಮ ದೇವಾಲಯಗಳಲ್ಲಿ ಪ್ರೇಷಿತ ಭಾನುವಾರವನ್ನು ಆಚರಿಸುತ್ತೇವೆ. 1926ರಲ್ಲಿ ಜಗದ್ಗುರು ಹನ್ನೊಂದನೇ ಪಿಯುಸ್‌ರವರು ಆರಂಭಿಸಿದ ಆಚರಣೆ ಇದು. ಅಂದು ಗುರುಗಳು ಪ್ರೇಷಿತ ಕಾರ್ಯದ ಬಗ್ಗೆ ಪ್ರಬೋಧನೆ ಮಾಡುತ್ತಾರೆ. ನಾವು ಲಕೋಟೆಯಲ್ಲಿ ಕಾಣಿಕೆ ಹಾಕುತ್ತೇವೆ, ದೂರದ ಕಾಡು ಮೇಡುಗಳಲ್ಲಿ ದುಡಿಯುವ ಗುರುಗಳಿಗಾಗಿ, ಸಿಸ್ಟರುಗಳಿಗಾಗಿ ಪ್ರಾರ್ಥಿಸುತ್ತೇವೆ. ಎಲ್ಲವೂ ಒಳ್ಳೆಯದೇ. ಆದರೆ ಲಕೋಟೆ ಹಾಕಿದ ಕೂಡಲೇ ನಮ್ಮ ಕರ್ತವ್ಯ ಮುಗಿಯಿತೆಂದು ಮನೆಗೆ ಹೊರಟುಬಿಡುತ್ತೇವಲ್ಲ, ಅಲ್ಲಿಯೇ ನಾವು ಸ್ವಲ್ಪ ನಿಂತು ಯೋಚಿಸಬೇಕಾಗಿದೆ.

ಒಂದು ಪ್ರಶ್ನೆಯನ್ನು ನಿಮ್ಮಷ್ಟಕ್ಕೆ ನೀವೇ ಕೇಳಿಕೊಳ್ಳಿ. ಯೇಸುಸ್ವಾಮಿಯ ಬಗ್ಗೆ ನಿಮಗೆ ಮೊದಲು ಹೇಳಿದವರು ಯಾರು? ನಮ್ಮಲ್ಲಿ ಹೆಚ್ಚಿನವರ ಉತ್ತರ ಧರ್ಮಾಧ್ಯಕ್ಷರೂ ಅಲ್ಲ, ದೊಡ್ಡ ಪ್ರಬೋಧಕರೂ ಅಲ್ಲ. ಶಿಲುಬೆಯ ಗುರುತು ಹಾಕಲು ಕೈ ಹಿಡಿದು ಕಲಿಸಿದ ಅಮ್ಮ, ಸಂಜೆ ಜಪಸರ ಹೇಳುವಾಗ ಪಕ್ಕದಲ್ಲಿ ಕೂರಿಸಿಕೊಂಡ ಅಜ್ಜಿ, ಭಾನುವಾರದ ಧರ್ಮೋಪದೇಶ ತರಗತಿಯ ಟೀಚರು. ಹಾಗಾದರೆ, ನಿಮ್ಮಿಂದ ಅದನ್ನು ಕೇಳಿದವರು ಯಾರಾದರೂ ಇದ್ದಾರೆಯೇ?

ಈ ಲೇಖನದಲ್ಲಿ ವಿಶ್ವಾಸವನ್ನು ಹಂಚಿಕೊಳ್ಳುವುದು ಎಂದರೇನು, ಏನಲ್ಲ ಎಂಬುದನ್ನು ನಮ್ಮ ದೇಶದ ಒಬ್ಬ ಸಂತರ ಜೀವನದ ಬೆಳಕಿನಲ್ಲಿ ಧ್ಯಾನಿಸೋಣ.

ಈ ಕರೆ ಯಾರಿಗೆ?

ಮಗುವಿಗೆ ದೀಕ್ಷಾಸ್ನಾನ ಕೊಡುವ ಸಂಸ್ಕಾರವನ್ನು ನೀವು ಎಷ್ಟೋ ಸಲ ನೋಡಿದ್ದೀರಿ. ಮಗುವಿನ ನೆತ್ತಿಗೆ ಪವಿತ್ರ ತೈಲವನ್ನು ಹಚ್ಚುವಾಗ, ಯಾಜಕರೂ ಪ್ರವಾದಿಯೂ ರಾಜರೂ ಆದ ಕ್ರಿಸ್ತರ ಸೇವೆಯಲ್ಲಿ ಆ ಮಗುವೂ ಪಾಲುಗೊಳ್ಳಲೆಂದು ಗುರುಗಳು ಪ್ರಾರ್ಥಿಸುತ್ತಾರೆ. ಪಾಸ್ಖದ ದೊಡ್ಡ ಮೇಣದ ಬತ್ತಿಯಿಂದ ಹೊತ್ತಿಸಿದ ದೀಪವನ್ನು ತಂದೆ ತಾಯಿ ಅಥವಾ ಜ್ಞಾನಪೋಷಕರ ಕೈಗೆ ಕೊಡುತ್ತಾರೆ. ಮಗುವಿನ ಕಿವಿಯನ್ನೂ ಬಾಯಿಯನ್ನೂ ಮುಟ್ಟಿ ಪ್ರಾರ್ಥಿಸುವ ಒಂದು ವಿಧಿಯೂ ಆ ಸಂಸ್ಕಾರದಲ್ಲಿದೆ. ದೇವರ ವಾಕ್ಯವನ್ನು ಕೇಳಲು ಕಿವಿ, ಕೇಳಿದ ವಿಶ್ವಾಸವನ್ನು ಸಾರಲು ಬಾಯಿ. ಅಂದು ನಾವು ತೊಟ್ಟಿಲ ಕೂಸು. ಮಾತು ಬಾರದ ಬಾಯಿಗೆ ಧರ್ಮಸಭೆ ಆಗಲೇ ಒಂದು ಕೆಲಸವನ್ನು ಒಪ್ಪಿಸಿಬಿಟ್ಟಿತ್ತು!

ದ್ವಿತೀಯ ವ್ಯಾಟಿಕನ್ ಮಹಾಸಭೆ ಇದನ್ನೇ ಮತ್ತೆ ನಮ್ಮ ನೆನಪಿಗೆ ತಂದಿತು. 1965ರ ನವೆಂಬರ್ 18ರಂದು ಶ್ರೀಸಾಮಾನ್ಯರ ಪ್ರೇಷಿತ ಸೇವೆಯ ಬಗ್ಗೆಯೇ ಒಂದು ಪ್ರತ್ಯೇಕ ಆದೇಶಪತ್ರವನ್ನು ಅದು ಹೊರಡಿಸಿತು. ಈ ಸೇವೆಯ ಹಕ್ಕು ಹಾಗೂ ಹೊಣೆ ಶ್ರೀಸಾಮಾನ್ಯರಿಗೆ ಬರುವುದು ಗುರುಗಳ ಅನುಮತಿಯಿಂದ ಮಾತ್ರವಲ್ಲ, ದೀಕ್ಷಾಸ್ನಾನ ಮತ್ತು ದೃಢೀಕರಣ ಸಂಸ್ಕಾರಗಳ ಮೂಲಕ ಕ್ರಿಸ್ತರೊಡನೆ ಒಂದಾಗಿರುವುದರಿಂದಲೇ ಎಂಬುದು ಅದರ ಬೋಧನೆ. ಆದುದರಿಂದ "ಇದು ಫಾದರ್ ಕೆಲಸ, ಸಿಸ್ಟರ್ ಕೆಲಸ" ಎಂದು ನಾವು ಜಾರಿಕೊಳ್ಳುವಂತಿಲ್ಲ.

ಆದರೆ ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಸುಮಾರು 280 ವರ್ಷ ಹಿಂದಕ್ಕೆ, ದಕ್ಷಿಣದ ತಿರುವಾಂಕೂರು ರಾಜ್ಯಕ್ಕೆ ಹೋಗೋಣ.

ಸೆರೆಯಾಳೊಬ್ಬ ಹೇಳಿದ ಕಥೆ

ಈಗಿನ ಕನ್ಯಾಕುಮಾರಿ ಜಿಲ್ಲೆಯ ನಟ್ಟಾಲಂ ಎಂಬ ಊರಿನಲ್ಲಿ 1712ರ ಏಪ್ರಿಲ್ 23ರಂದು ಒಂದು ನಾಯರ್ ಮನೆತನದಲ್ಲಿ ನೀಲಕಂಠನ್ ಹುಟ್ಟಿದರು. ಬೆಳೆದು ದೊಡ್ಡವರಾಗಿ ಮಹಾರಾಜ ಮಾರ್ತಾಂಡವರ್ಮರ ಸೇವೆಗೆ ಸೇರಿದರು. ಪದ್ಮನಾಭಪುರದ ಅರಮನೆಯ ಆಡಳಿತದಲ್ಲಿ ಅವರಿಗೆ ಒಳ್ಳೆಯ ಹುದ್ದೆ, ಒಳ್ಳೆಯ ಹೆಸರು ಇತ್ತು. ಭಾರ್ಗವಿ ಅಮ್ಮಾಳ್ ಎಂಬುವರನ್ನು ಮದುವೆಯಾಗಿದ್ದರು.

1741ರಲ್ಲಿ ಕೊಳಚ್ಚಲ್ ಎಂಬ ಕಡಲತೀರದ ಊರಿನಲ್ಲಿ ತಿರುವಾಂಕೂರಿನ ಸೈನ್ಯಕ್ಕೂ ಡಚ್ ಈಸ್ಟ್ ಇಂಡಿಯಾ ಕಂಪನಿಯ ಪಡೆಗೂ ಯುದ್ಧ ನಡೆಯಿತು. ಡಚ್ಚರು ಸೋತರು. ಸೆರೆ ಸಿಕ್ಕವರಲ್ಲಿ ಯುಸ್ಟೇಷಿಯಸ್ ಡಿ ಲನ್ನಾಯ್ ಎಂಬ ಸೇನಾಧಿಕಾರಿಯೂ ಇದ್ದರು. ಅವರ ಸಾಮರ್ಥ್ಯವನ್ನು ಕಂಡ ಮಹಾರಾಜರು ತಮ್ಮ ಸೈನಿಕರಿಗೆ ತರಬೇತಿ ಕೊಡುವ ಹೊಣೆಯನ್ನು ಅವರಿಗೇ ವಹಿಸಿದರು. ಮುಂದೆ ಅವರು ಆ ಸೈನ್ಯದ ದಂಡನಾಯಕರಾದರು. 1777ರಲ್ಲಿ ತೀರಿಕೊಂಡರು. ಉದಯಗಿರಿ ಕೋಟೆಯೊಳಗೆ ಅವರ ಸಮಾಧಿ ಇಂದಿಗೂ ಇದೆ. ಡಿ ಲನ್ನಾಯ್ ಕಥೋಲಿಕರು. ಗುರುಗಳಲ್ಲ, ಉಪದೇಶಿಯಲ್ಲ, ಪರದೇಶದಲ್ಲಿ ಸೆರೆಯಾದ ಒಬ್ಬ ಸೈನಿಕ.

ಅರಮನೆಯ ಕೆಲಸದ ನಿಮಿತ್ತ ನೀಲಕಂಠನ್‌ಗೂ ಡಿ ಲನ್ನಾಯ್‌ಗೂ ಪರಿಚಯವಾಯಿತು. ಪರಿಚಯ ಬೆಳೆದು ಗೆಳೆತನವಾಯಿತು. ಆ ದಿನಗಳಲ್ಲಿ ನೀಲಕಂಠನ್‌ರ ಮನೆಗೆ ಒಂದರ ಮೇಲೊಂದು ನಷ್ಟ ಬಂದೊದಗಿತೆಂದು ಅವರ ಚರಿತ್ರೆ ಹೇಳುತ್ತದೆ. ದನಕರುಗಳು ಸತ್ತವು, ಆಸ್ತಿ ಕರಗಿತು. ಗೆಳೆಯನ ಮುಖ ಬಾಡಿದ್ದನ್ನು ಡಿ ಲನ್ನಾಯ್ ಗಮನಿಸಿದರು, ಕಾರಣ ಕೇಳಿದರು, ಹೇಳಿದ್ದನ್ನು ಕೇಳಿಸಿಕೊಂಡರು. ಆಮೇಲೆ ಪವಿತ್ರ ಬೈಬಲ್ಲಿನ ಯೋಬನ ಕಥೆಯನ್ನು ಹೇಳಿದರು. ದನ, ಕುರಿ, ಒಂಟೆ, ಮಕ್ಕಳು ಎಲ್ಲವನ್ನೂ ಕಳೆದುಕೊಂಡರೂ ದೇವರ ಕೈಬಿಡದ ಒಬ್ಬ ಮನುಷ್ಯನ ಕಥೆ ಅದು.

ಆ ಕಥೆ ನೀಲಕಂಠನ್‌ರ ಮನಸ್ಸಿಗೆ ನಾಟಿತು. ಅವರು ಇನ್ನಷ್ಟು ಕೇಳಿದರು, ಡಿ ಲನ್ನಾಯ್ ಇನ್ನಷ್ಟು ಹೇಳಿದರು. ಕೊನೆಗೆ ನೀಲಕಂಠನ್‌ರೇ ದೀಕ್ಷಾಸ್ನಾನ ಬೇಕೆಂದು ಬಯಸಿದಾಗ ಡಿ ಲನ್ನಾಯ್ ಅವರನ್ನು ವಡಕ್ಕನ್‌ಕುಳಂ ಎಂಬಲ್ಲಿದ್ದ ಯೇಸುಸಭೆಯ ಗುರು ಬುತ್ತಾರಿಯವರ ಬಳಿಗೆ ಕಳುಹಿಸಿದರು. 1745ರ ಮೇ 14ರಂದು ನೀಲಕಂಠನ್ ದೀಕ್ಷಾಸ್ನಾನ ಪಡೆದರು. ಅವರಿಗೆ ಲಾಜರ ಎಂಬ ಹೆಸರನ್ನು ಇಡಲಾಯಿತು. ತಮಿಳಿನಲ್ಲಿ ಅದೇ ದೇವಸಹಾಯಂ, ಎಂದರೆ ದೇವರೇ ಸಹಾಯ. ಮುಂದೆ ಅವರ ಪತ್ನಿಯೂ ದೀಕ್ಷಾಸ್ನಾನ ಪಡೆದು ಜ್ಞಾನಪೂ ಎಂಬ ಹೆಸರನ್ನು ತಾಳಿದರು.

ಇದರಿಂದ ನಾವು ಕಲಿಯುವುದೇನು?

ಡಿ ಲನ್ನಾಯ್‌ರ ನಡತೆಯನ್ನು ಒಂದೊಂದಾಗಿ ಗಮನಿಸಿ.

ಮೊದಲನೆಯದು, ಅವರು ಮಾತು ಆರಂಭಿಸಿದ್ದು ತಮ್ಮ ಧರ್ಮದಿಂದಲ್ಲ, ಗೆಳೆಯನ ದುಃಖದಿಂದ. ಇದೇ ಯೋಬನ ಗ್ರಂಥದಲ್ಲಿ ಮೂವರು ಸ್ನೇಹಿತರು ಬರುತ್ತಾರೆ. ಯೋಬನ ಗತಿಯನ್ನು ಕಂಡು ಏಳು ದಿನ ಏಳು ರಾತ್ರಿ ಮಾತಿಲ್ಲದೆ ಅವನೊಡನೆ ನೆಲದ ಮೇಲೆ ಕುಳಿತರು (ಯೋಬ 2:13). ಅವರು ಮಾಡಿದ ಅತಿ ಒಳ್ಳೆಯ ಕೆಲಸ ಅದೇ. ಬಾಯಿ ತೆರೆದು, ನಿನ್ನ ಪಾಪದಿಂದಲೇ ಹೀಗಾಯಿತು ಎಂದು ವಾದಕ್ಕಿಳಿದ ಮೇಲೆ ಅವರು ಅವನ ನೋವಿಗೆ ಇನ್ನಷ್ಟು ನೋವು ಸೇರಿಸಿದರು. ಕೊನೆಗೆ ದೇವರ ಕೋಪಕ್ಕೂ ಗುರಿಯಾದರು. ಸಂಕಟದಲ್ಲಿರುವ ನೆರೆಯವರ ಮನೆಗೆ ಹೋಗಿ "ನಮ್ಮ ದೇವರನ್ನು ನಂಬಿದ್ದರೆ ಹೀಗಾಗುತ್ತಿರಲಿಲ್ಲ" ಎನ್ನುವವರು ಆ ಸ್ನೇಹಿತರ ಜಾತಿಗೆ ಸೇರಿದವರು. ಅದು ಸುವಾರ್ತೆಯಲ್ಲ, ಗಾಯದ ಮೇಲೆ ಎಳೆದ ಬರೆ.

ಎರಡನೆಯದು, ಅವರು ವಾದ ಮಾಡಲಿಲ್ಲ, ಕಥೆ ಹೇಳಿದರು. ಗೆಳೆಯನು ಪೂಜಿಸುತ್ತಿದ್ದ ದೇವರುಗಳನ್ನು ಹಳಿಯುತ್ತ ಕೂರಲಿಲ್ಲ. 1999ರ ನವೆಂಬರ್ 6ರಂದು ನವದೆಹಲಿಯಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಏಷ್ಯಾದ ಧರ್ಮಸಭೆಗಾಗಿ ಪ್ರಕಟಿಸಿದ ಪತ್ರದಲ್ಲಿ ಇದೇ ಮಾತಿದೆ. ಏಷ್ಯಾದ ಜನರಿಗೆ ಕಥನದ ರೀತಿ ಹತ್ತಿರವಾದುದು. ಯೇಸುವಿನ ಕಥೆಯನ್ನು ಹೇಳುವುದರ ಮೂಲಕವೇ ಅವರನ್ನು ಚೆನ್ನಾಗಿ ಪರಿಚಯಿಸಬಹುದು ಎಂಬುದು ಅದರ ತಾತ್ಪರ್ಯ. ಹರಿಕಥೆ, ಯಕ್ಷಗಾನ, ಅಜ್ಜಿಕಥೆಗಳ ನಾಡಿನಲ್ಲಿ ಹುಟ್ಟಿದ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮೂರನೆಯದು, ಅವರು ಅವಸರಪಡಲಿಲ್ಲ. ಕೊಳಚ್ಚಲ್ ಯುದ್ಧದಿಂದ ಆ ದೀಕ್ಷಾಸ್ನಾನದವರೆಗೆ ನಾಲ್ಕು ವರ್ಷಗಳಿವೆ. ಗೆಳೆತನ ಬೆಳೆಯಲು, ಪ್ರಶ್ನೆ ಹುಟ್ಟಲು, ಉತ್ತರ ಒಳಗಿಳಿಯಲು ಕಾಲ ಬೇಕು. ಬಿತ್ತಿದ ಮರುದಿನವೇ ಮಣ್ಣು ಕೆದಕಿ ಮೊಳಕೆ ಬಂತೇ ಎಂದು ನೋಡುವ ರೈತನುಂಟೇ?

ನಾಲ್ಕನೆಯದು, ತಮ್ಮ ಕೆಲಸ ಎಲ್ಲಿ ಮುಗಿಯಿತೆಂದು ಅವರಿಗೆ ಗೊತ್ತಿತ್ತು. ಗೆಳೆಯನನ್ನು ಧರ್ಮಸಭೆಯ ಕೈಗೆ, ದೇವರ ಕೈಗೆ ಒಪ್ಪಿಸಿ ಹಿಂದೆ ಸರಿದರು. ಯೊವಾನ್ನನ ಶುಭಸಂದೇಶದ ನಾಲ್ಕನೇ ಅಧ್ಯಾಯದ ಸಮಾರಿಯದ ಮಹಿಳೆಯೂ ಹಾಗೆಯೇ ಮಾಡಿದಳು. ಕೊಡವನ್ನು ಬಾವಿಯ ಬಳಿಯೇ ಬಿಟ್ಟು ಊರಿಗೆ ಓಡಿ ಜನರನ್ನು ಕರೆತಂದಳು. ಎರಡು ದಿನ ಯೇಸು ಅಲ್ಲಿ ತಂಗಿದ ಮೇಲೆ ಆ ಜನ ಅವಳಿಗೆ ಏನೆಂದರು? ಈಗ ನಾವು ನಂಬುವುದು ನಿನ್ನ ಮಾತಿನಿಂದಲ್ಲ, ನಾವೇ ಕೇಳಿ ತಿಳಿದಿದ್ದೇವೆ ಎಂದರು. ಅವಳ ಸೇವೆ ಅಲ್ಲಿಗೆ ಸಾರ್ಥಕವಾಯಿತು. ಕರೆತರುವುದು ನಮ್ಮದು, ವಿಶ್ವಾಸವನ್ನು ಕೊಡುವುದು ದೇವರದು, ಸ್ವೀಕರಿಸುವುದು, ಬಿಡುವುದು ಆ ವ್ಯಕ್ತಿಯ ಸ್ವಾತಂತ್ರ್ಯ.

ಪಡೆದವರು ಕೊಟ್ಟ ಬೆಲೆ

ದೇವಸಹಾಯಂ ತಾವು ಪಡೆದುದನ್ನು ತಮ್ಮಲ್ಲೇ ಬಚ್ಚಿಟ್ಟುಕೊಳ್ಳಲಿಲ್ಲ. ಕ್ರಿಸ್ತರ ಬಗ್ಗೆ ಇತರರೊಡನೆ ಮಾತನಾಡಿದರು. ಬರೀ ಮಾತನಾಡಿದ್ದರೆ ಅಷ್ಟು ವಿರೋಧ ಬರುತ್ತಿರಲಿಲ್ಲವೋ ಏನೋ. ದೇವರ ಮುಂದೆ ಎಲ್ಲರೂ ಸಮಾನರು ಎಂದು ಅವರು ಹೇಳಿದರು. ಮೇಲ್ಜಾತಿಯ ಅಧಿಕಾರಿಯೊಬ್ಬರು ಮುಟ್ಟಬಾರದೆಂದು ದೂರವಿಟ್ಟಿದ್ದವರ ಜೊತೆ ಬೆರೆತರು, ಅವರೊಡನೆ ಕುಳಿತು ಉಂಡರು. ಮೇಲ್ವರ್ಗದವರ ದ್ವೇಷ ಕೆರಳಿತು. 1749ರ ಫೆಬ್ರುವರಿಯಲ್ಲಿ ಅವರನ್ನು ಬಂಧಿಸಲಾಯಿತು. ಸುಮಾರು ಮೂರು ವರ್ಷ ಸೆರೆವಾಸ, ಹೊಡೆತ, ಗಡೀಪಾರು. ಎಮ್ಮೆಯ ಮೇಲೆ ಹಿಂದುಮುಂದಾಗಿ ಕೂರಿಸಿ ಊರೂರು ಮೆರವಣಿಗೆ ಮಾಡಿದರೆಂದೂ ಗಾಯಗಳಿಗೆ ಮೆಣಸಿನ ಪುಡಿ ಸವರಿದರೆಂದೂ ಆ ಭಾಗದ ಭಕ್ತರು ಇಂದಿಗೂ ಹೇಳುತ್ತಾರೆ. 1752ರ ಜನವರಿ 14ರಂದು ಅರಲ್‌ವಾಯ್‌ಮೊಳಿ ಬಳಿಯ ಕಾಟ್ಟಾಡಿಮಲೆಯಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಆಗ ಅವರಿಗೆ 39 ವರ್ಷ. ಕ್ರೈಸ್ತರಾಗಿ ಬದುಕಿದ್ದು ಏಳು ವರ್ಷಕ್ಕೂ ಕಡಿಮೆ. ಅವರ ಸಮಾಧಿ ನಾಗರಕೋವಿಲಿನ ಕೋಟ್ಟಾರಿನಲ್ಲಿರುವ ಸಂತ ಫ್ರಾನ್ಸಿಸ್ ಕ್ಸೇವಿಯರರ ಪ್ರಧಾನಾಲಯದಲ್ಲಿದೆ.

2012ರ ಡಿಸೆಂಬರ್ 2ರಂದು ಧರ್ಮಸಭೆ ಅವರನ್ನು ಪುನೀತರೆಂದು ಘೋಷಿಸಿತು. 2022ರ ಮೇ 15ರಂದು ಜಗದ್ಗುರು ಫ್ರಾನ್ಸಿಸ್‌ರವರು ರೋಮ್ ನಗರದ ಸಂತ ಪೇತ್ರರ ಚೌಕದಲ್ಲಿ ಅವರಿಗೆ ಸಂತ ಪದವಿಯನ್ನು ನೀಡಿದರು. ಭಾರತದ ಶ್ರೀಸಾಮಾನ್ಯರಲ್ಲಿ ಈ ಪದವಿ ಪಡೆದ ಮೊದಲಿಗರು ಅವರೇ. ಹೆಸರಿನ ಕೊನೆಯಲ್ಲಿದ್ದ 'ಪಿಳ್ಳೈ' ಎಂಬ ಜಾತಿಸೂಚಕ ಪದವನ್ನು ಕೈಬಿಡಬೇಕೆಂಬ ಕೋರಿಕೆಯನ್ನೂ ರೋಮ್ ಮನ್ನಿಸಿತು. ಈಗ ಅವರು ಬರೀ ಸಂತ ದೇವಸಹಾಯಂ.

ಇಲ್ಲಿ ನಮ್ಮ ಎದೆ ಚುಚ್ಚುವ ಸಂಗತಿಯೊಂದಿದೆ. ಅವರು ದೀಕ್ಷಾಸ್ನಾನ ಪಡೆದ ವಡಕ್ಕನ್‌ಕುಳಂನಲ್ಲಿಯೇ ಮುಂದೆ 19ನೇ ಶತಮಾನದಲ್ಲಿ ಕಟ್ಟಿದ ದೇವಾಲಯದಲ್ಲಿ ಎರಡು ಜಾತಿಗಳ ಕ್ರೈಸ್ತರು ಬೇರೆ ಬೇರೆಯಾಗಿ ಕೂರಲೆಂದು ನಡುವೆ ಗೋಡೆಯಿತ್ತು. ಒಂದೇ ಪೀಠ, ಒಂದೇ ಬಲಿಪೂಜೆ, ನಡುವೆ ಗೋಡೆ! 20ನೇ ಶತಮಾನದ ಆರಂಭದಲ್ಲಿ ಆ ಗೋಡೆಯನ್ನು ಒಡೆದಾಗ ದೊಡ್ಡ ಜಗಳವೇ ಆಯಿತು. ಇಟ್ಟಿಗೆಯ ಗೋಡೆ ಬಿದ್ದಿದೆ. ಮನಸ್ಸಿನ ಗೋಡೆ? ನಮ್ಮ ಧರ್ಮಕೇಂದ್ರದಲ್ಲಿ ಯಾರ ಮನೆಯ ಊಟ ಯಾರು ಉಣ್ಣುವುದಿಲ್ಲ, ಯಾರ ಮನೆಯಿಂದ ಹೆಣ್ಣು ತರುವುದಿಲ್ಲ, ಹಬ್ಬದ ಸಮಿತಿಗೆ ಯಾರನ್ನು ಸೇರಿಸುವುದಿಲ್ಲ ಎಂಬುದು ಹೊರಗಿನವರಿಗೆ ಕಾಣುವುದಿಲ್ಲವೇ? ನಾವು ಸಾರುವ ಸುವಾರ್ತೆಯನ್ನು ನಮ್ಮ ಪಂಕ್ತಿಯೇ ಸುಳ್ಳು ಮಾಡಿದರೆ ಯಾರು ನಂಬಿಯಾರು?

ನಾವು ಹೇಳುವ ನೆಪಗಳು

"ಈಗಿನ ಕಾಲದಲ್ಲಿ ಬಾಯಿ ಬಿಟ್ಟರೆ ಮತಾಂತರ ಎನ್ನುತ್ತಾರೆ." ಈ ಭಯ ಸುಳ್ಳಲ್ಲ. ಹಲವು ರಾಜ್ಯಗಳಲ್ಲಿ ಮತಾಂತರದ ಬಗ್ಗೆ ಕಾನೂನುಗಳಾಗಿವೆ. ಕರ್ನಾಟಕದಲ್ಲೂ 2022ರಲ್ಲಿ ಅಂಥ ಕಾನೂನು ಬಂದಾಗ ನಮ್ಮವರು ಆತಂಕಪಟ್ಟರು. ಆದುದರಿಂದ ವಿಷಯವನ್ನು ಸ್ಪಷ್ಟವಾಗಿ ತಿಳಿದುಕೊಳ್ಳುವುದು ಒಳ್ಳೆಯದು. ಸಂವಿಧಾನದ 25ನೇ ವಿಧಿಯು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮುಂತಾದವುಗಳಿಗೆ ಒಳಪಟ್ಟು, ಧರ್ಮವನ್ನು ಅವಲಂಬಿಸುವ, ಆಚರಿಸುವ ಮತ್ತು ಪ್ರಸಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. 1977ರಲ್ಲಿ ಸುಪ್ರೀಂ ಕೋರ್ಟು, ಪ್ರಸಾರದ ಹಕ್ಕು ಎಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ತೀರ್ಪಿತ್ತಿತು. ಈ ತೀರ್ಪಿನ ಬಗ್ಗೆ ಕಾನೂನು ಪಂಡಿತರಲ್ಲಿ ಚರ್ಚೆ ನಡೆದಿದೆ. ಅದೇನೇ ಇರಲಿ, ನಮ್ಮ ಧರ್ಮಸಭೆಯ ಬೋಧನೆಯಲ್ಲೂ ಯಾರೂ ಯಾರನ್ನೂ ಬಲವಂತದಿಂದ ವಿಶ್ವಾಸಿಗಳನ್ನಾಗಿ ಮಾಡುವಂತಿಲ್ಲ. 1965ರ ಡಿಸೆಂಬರ್ 7ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆ ಬಲವಂತವನ್ನೂ, ಬಡವರನ್ನು ಹಾಗೂ ತಿಳಿವಳಿಕೆ ಕಡಿಮೆಯಿರುವವರನ್ನು ಅಪ್ರಾಮಾಣಿಕವಾಗಿ ಒಲಿಸುವುದನ್ನೂ ಖಂಡಿಸುತ್ತದೆ. ಧರ್ಮಸಭೆಯ ಕಾನೂನು ಸಂಹಿತೆಯ 748ನೇ ನಿಯಮವೂ ಇದನ್ನೇ ಹೇಳುತ್ತದೆ. ಅಕ್ಕಿ, ಹಣ, ಶಾಲೆಯ ಸೀಟು ಇವನ್ನು ತೋರಿಸಿ ವಿಶ್ವಾಸವನ್ನು ಕೊಳ್ಳಲು ಹೊರಟವನು ಕಾನೂನಿಗಿಂತ ಮೊದಲು ಯೇಸುವಿಗೇ ದ್ರೋಹ ಮಾಡುತ್ತಾನೆ. ಆದರೆ ಗೆಳೆಯನು ಕೇಳಿದಾಗ, ನನಗೆ ಬಲ ಕೊಟ್ಟವರು ಯೇಸು ಎಂದು ಹೇಳುವುದು ಆಮಿಷವೂ ಅಲ್ಲ, ಬಲವಂತವೂ ಅಲ್ಲ. ಅದು ಸತ್ಯ ಹೇಳುವುದು.

"ನನಗೆ ಬೈಬಲ್ ಅಷ್ಟೊಂದು ಗೊತ್ತಿಲ್ಲ." ಗೆರಸೇನರ ಸೀಮೆಯಲ್ಲಿ ದೆವ್ವಗಳಿಂದ ಬಿಡುಗಡೆಯಾದ ಮನುಷ್ಯನಿಗೆ ಎಷ್ಟು ಗೊತ್ತಿತ್ತು? ಅವನು ಯೇಸುವಿನ ಜೊತೆಗೆ ಹೋಗಲು ಬೇಡಿಕೊಂಡ. ಯೇಸು ಅವನನ್ನು ಶಿಷ್ಯರ ಗುಂಪಿಗೆ ಸೇರಿಸಿಕೊಳ್ಳಲಿಲ್ಲ. ಮನೆಗೆ, ತನ್ನವರ ಬಳಿಗೆ ಹೋಗಿ ದೇವರು ತನಗೆ ಮಾಡಿದ ಉಪಕಾರವನ್ನು ತಿಳಿಸಲು ಹೇಳಿ ಕಳುಹಿಸಿದರು (ಮಾರ್ಕ 5:18-20). ಒಂದು ದಿನದ ಪಾಠವನ್ನೂ ಕೇಳದವನು ಹೇಳಬಹುದಾಗಿದ್ದರೆ, ವರ್ಷಗಟ್ಟಲೆ ಧರ್ಮೋಪದೇಶ ಕಲಿತ ನಾವು ಹೇಳಲಾರೆವೇ? ತಿಳಿಯದ ಪ್ರಶ್ನೆ ಬಂದರೆ "ನನಗೆ ತಿಳಿಯದು, ಕೇಳಿ ಹೇಳುತ್ತೇನೆ" ಎನ್ನುವುದರಲ್ಲಿ ಅವಮಾನವೇನೂ ಇಲ್ಲ.

"ನನ್ನ ಬದುಕೇ ಸಾಕ್ಷಿ, ಮಾತೇಕೆ?" ಬದುಕಿನ ಸಾಕ್ಷಿ ಮೊದಲು ಬರಬೇಕು, ನಿಜ. ಇಂದಿನ ಮನುಷ್ಯ ಬೋಧಕರಿಗಿಂತ ಸಾಕ್ಷಿಗಳ ಮಾತಿಗೆ ಹೆಚ್ಚು ಕಿವಿಗೊಡುತ್ತಾನೆ ಎಂದು ಜಗದ್ಗುರು ಆರನೇ ಪೌಲರು 1975ರಲ್ಲಿ ಸುವಾರ್ತಾ ಪ್ರಸಾರದ ಬಗ್ಗೆ ಬರೆದ ಪತ್ರದಲ್ಲಿ ಹೇಳಿದ್ದಾರೆ. ಆದರೆ ಅದೇ ಪತ್ರದಲ್ಲಿ, ಎಷ್ಟೇ ಒಳ್ಳೆಯ ಸಾಕ್ಷಿಯಾದರೂ ಯೇಸುವಿನ ಹೆಸರನ್ನು ಹೇಳಿ ವಿವರಿಸದಿದ್ದರೆ ಕಾಲಕ್ರಮದಲ್ಲಿ ಫಲ ಕೊಡದೆ ಹೋಗುತ್ತದೆ ಎಂಬ ಎಚ್ಚರಿಕೆಯೂ ಇದೆ. ನೀವು ಒಳ್ಳೆಯವರೆಂದು ಊರಿಗೆಲ್ಲ ಗೊತ್ತಿರಬಹುದು. ಯಾರಿಂದ ಒಳ್ಳೆಯವರಾದಿರೆಂದು ಗೊತ್ತಿದೆಯೇ?

"ಹೇಳಿದರೂ ಕೇಳುವವರಿಲ್ಲ." ಸಂತ ದೇವಸಹಾಯಂರೊಡನೆ ಅದೇ 2022ರ ಮೇ 15ರಂದು ಸಂತ ಪದವಿ ಪಡೆದವರಲ್ಲಿ ಫ್ರಾನ್ಸಿನ ಗುರು ಚಾರ್ಲ್ಸ್ ದೆ ಫೂಕೋ ಒಬ್ಬರು. ಅವರು ಅಲ್ಜೀರಿಯದ ಸಹಾರಾ ಮರುಭೂಮಿಯ ತಮನ್‌ರಾಸೆಟ್ ಎಂಬಲ್ಲಿ ಟುವಾರೆಗ್ ಎಂಬ ಮುಸ್ಲಿಂ ಬುಡಕಟ್ಟಿನ ಜನರ ನಡುವೆ ಬಾಳಿದರು. ಅವರ ಭಾಷೆ ಕಲಿತು ನಿಘಂಟು ರಚಿಸಿದರು. ಬಾಗಿಲಿಗೆ ಬಂದವರಿಗೆಲ್ಲ ಸಹೋದರರಾದರು. 1916ರ ಡಿಸೆಂಬರ್ 1ರಂದು ದಾಳಿಕೋರರ ಗುಂಡಿಗೆ ಬಲಿಯಾದಾಗ ಅವರ ಹಿಂದೆ ಶಿಷ್ಯರ ಪಡೆಯಿರಲಿಲ್ಲ, ಆ ಜನರು ಕ್ರೈಸ್ತರಾಗಿರಲೂ ಇಲ್ಲ. ಅವರ ಜೀವನದಿಂದ ಸ್ಫೂರ್ತಿ ಪಡೆದ ಸಭೆಗಳು ಹುಟ್ಟಿದ್ದು ಅವರು ಸತ್ತ ಎಷ್ಟೋ ವರ್ಷಗಳ ಮೇಲೆ. ಮಾತನಾಡಿ ಪ್ರಾಣ ಕೊಟ್ಟ ದೇವಸಹಾಯಂ, ಗೆಳೆಯನಾಗಿ ಬಾಳಿ ಪ್ರಾಣ ಕೊಟ್ಟ ಚಾರ್ಲ್ಸ್, ಇಬ್ಬರನ್ನೂ ಧರ್ಮಸಭೆ ಒಂದೇ ದಿನ ಸಂತರೆಂದಿತು. ಫಲದ ಲೆಕ್ಕ ಇಡುವವರು ನಾವಲ್ಲ.

ಮೊದಲು ಮನೆಯೊಳಗೆ

ವಿಶ್ವಾಸದ ಹಸಿವು ಬಹಳ ಸಲ ನಮ್ಮ ಮನೆಯೊಳಗೇ ಇರುತ್ತದೆ. ಪಿಯುಸಿ ಮುಗಿಸಿ ಬೆಂಗಳೂರಿಗೆ ಹೋದ ಮಗ ಬಲಿಪೂಜೆಗೆ ಹೋಗುವುದನ್ನು ನಿಲ್ಲಿಸಿದ್ದಾನೆ. "ದೇವರಿದ್ದರೆ ಅಪ್ಪನಿಗೆ ಈ ಕಾಯಿಲೆ ಏಕೆ ಬಂತು?" ಎಂದು ಮಗಳು ಕೇಳುತ್ತಾಳೆ. ಬೇರೆ ಧರ್ಮದಿಂದ ಮದುವೆಯಾಗಿ ಬಂದ ಸೊಸೆ ನಮ್ಮ ಪ್ರಾರ್ಥನೆಯನ್ನು ಬಾಗಿಲ ಬಳಿ ನಿಂತು ನೋಡುತ್ತಾಳೆ. ಇವರಿಗೆ ನಾವು ಕೊಡುವ ಉತ್ತರವೇನು? ಮಗನಿಗೆ ಬೈಗುಳ, ಮಗಳಿಗೆ "ಹಾಗೆಲ್ಲ ಕೇಳಬಾರದು" ಎಂಬ ಗದರಿಕೆ, ಸೊಸೆಗೆ ಮೌನ. ಡಿ ಲನ್ನಾಯ್ ತನ್ನ ಗೆಳೆಯನಿಗೆ ಮಾಡಿದಷ್ಟನ್ನು ನಾವು ನಮ್ಮ ಮಕ್ಕಳಿಗೆ ಮಾಡಿದ್ದೇವೆಯೇ? ಮುಖ ಬಾಡಿದ್ದನ್ನು ಗಮನಿಸಿದ್ದೇವೆಯೇ? ಕಾರಣ ಕೇಳಿದ್ದೇವೆಯೇ?

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಅಕ್ವಿಲ ಮತ್ತು ಪ್ರಿಸ್ಸಿಲ್ಲ ಎಂಬ ದಂಪತಿಗಳು ಬರುತ್ತಾರೆ. ಗುಡಾರ ಹೊಲಿಯುವುದು ಅವರ ಕಸುಬು. ಅಪೋಲೋಸ್ ಎಂಬ ವಾಗ್ಮಿ ಬಂದು ಪ್ರಾರ್ಥನಾ ಮಂದಿರದಲ್ಲಿ ಬೋಧಿಸಿದಾಗ, ಅವನ ತಿಳಿವಳಿಕೆಯಲ್ಲಿ ಕೊರತೆಯಿರುವುದು ಇವರ ಗಮನಕ್ಕೆ ಬಂತು. ಸಭೆಯ ನಡುವೆ ಎದ್ದು ಅವನನ್ನು ತಿದ್ದಲಿಲ್ಲ. ತಮ್ಮ ಬಳಿಗೆ ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಚೆನ್ನಾಗಿ ವಿವರಿಸಿದರು (18:24-26). ಕಸುಬುದಾರ ಗಂಡಹೆಂಡಿರ ಮನೆ ಒಬ್ಬ ದೊಡ್ಡ ಬೋಧಕನಿಗೆ ಪಾಠಶಾಲೆಯಾಯಿತು. ನಮ್ಮ ಅಡುಗೆಮನೆ, ಜಗಲಿಗಳು ಹಾಗಾಗಬಾರದೇಕೆ?

ಈ ವಾರ ಮನೆಯಲ್ಲಿ

ಸಂತ ಪೇತ್ರರು ತಮ್ಮ ಮೊದಲನೆಯ ಪತ್ರದಲ್ಲಿ (3:15-16) ಕೊಟ್ಟ ಬುದ್ಧಿವಾದ ಈ ಪಾಠದ ಸಾರ. ನಮ್ಮಲ್ಲಿರುವ ಭರವಸೆಗೆ ಕಾರಣವೇನೆಂದು ಯಾರು ಕೇಳಿದರೂ ಉತ್ತರ ಕೊಡಲು ಸದಾ ಸಿದ್ಧರಿರಬೇಕು; ಆದರೆ ಆ ಉತ್ತರ ವಿನಯದಿಂದ, ಗೌರವದಿಂದ, ಶುದ್ಧ ಮನಸ್ಸಾಕ್ಷಿಯಿಂದ ಕೂಡಿರಬೇಕು ಎನ್ನುತ್ತಾರೆ ಅವರು. ಕೇಳುವವರು ಬರಬೇಕಾದರೆ ನಮ್ಮಲ್ಲಿ ಭರವಸೆ ಕಾಣಬೇಕು. ಸಾಲದ ನಡುವೆ, ಕಾಯಿಲೆಯ ನಡುವೆ, ಸಾವಿನ ಮನೆಯಲ್ಲಿ ಇವರು ಹೇಗೆ ಕುಸಿಯದೆ ನಿಂತಿದ್ದಾರೆ ಎಂದು ನೆರೆಯವರಿಗೆ ಅನಿಸಬೇಕು. ಆಗ ಪ್ರಶ್ನೆ ತಾನಾಗಿ ಬರುತ್ತದೆ.

ಒಂದು ಸಂಜೆ ಜಪಸರದ ಬಳಿಕ ಮನೆಯವರೆಲ್ಲ ಕುಳಿತು ಈ ಪ್ರಶ್ನೆಗಳನ್ನು ಚರ್ಚಿಸಿ:

1. ನನ್ನ ಜೀವನದಲ್ಲಿ ದೇವರು ಕೈ ಹಿಡಿದು ನಡೆಸಿದ ಒಂದು ಸಂದರ್ಭ ಯಾವುದು? ಮನೆಯವರಿಗೆ ನಾನು ಅದನ್ನು ಎಂದಾದರೂ ಹೇಳಿದ್ದೇನೆಯೇ?

2. ನಮ್ಮ ಬೀದಿಯಲ್ಲಿ, ಕೆಲಸದ ಜಾಗದಲ್ಲಿ ಈಗ ಸಂಕಟದಲ್ಲಿರುವವರು ಯಾರು? ಅವರ ಮಾತು ಕೇಳಲು ನಾವು ಅರ್ಧ ಗಂಟೆ ಕೊಡಬಲ್ಲೆವೇ?

3. ನಮ್ಮ ಮನೆಯ ಊಟದ ಪಂಕ್ತಿಯಲ್ಲಿ ಇದುವರೆಗೆ ಕೂರಿಸದವರು ಯಾರಾದರೂ ಇದ್ದಾರೆಯೇ? ಏಕೆ ಕೂರಿಸಲಿಲ್ಲ?

4. ನೀವು ಏಕೆ ಯೇಸುವನ್ನು ನಂಬುತ್ತೀರಿ ಎಂದು ನೆರೆಯವರು ನಾಳೆ ಕೇಳಿದರೆ, ನಾಲ್ಕು ಮಾತಿನಲ್ಲಿ ಏನು ಹೇಳುವಿರಿ? ಮನೆಯಲ್ಲಿ ಒಬ್ಬೊಬ್ಬರೂ ಹೇಳಿ ನೋಡಿ. ದೊಡ್ಡವರಿಗೆ ತಡವರಿಸಿದ ಮಾತು ಮಕ್ಕಳ ಬಾಯಲ್ಲಿ ಸಲೀಸಾಗಿ ಬಂದರೆ ಆಶ್ಚರ್ಯಪಡಬೇಡಿ.

ಕೊನೆಯಲ್ಲಿ ಹೀಗೆ ಪ್ರಾರ್ಥಿಸೋಣ:

ಪ್ರಭು ಯೇಸುವೇ, ನಿಮ್ಮ ಬಗ್ಗೆ ನಮಗೆ ಹೇಳಿದವರೆಲ್ಲರಿಗಾಗಿ ನಿಮ್ಮನ್ನು ಸ್ತುತಿಸುತ್ತೇವೆ. ನೊಂದವರ ಮಾತನ್ನು ಕೇಳುವ ಕಿವಿಯನ್ನು ಮೊದಲು ನಮಗೆ ಕೊಡಿ, ಆಮೇಲೆ ನಿಮ್ಮ ಹೆಸರನ್ನು ವಿನಯದಿಂದ ಹೇಳುವ ಬಾಯಿಯನ್ನು ಕೊಡಿ. ನಮ್ಮ ನಡುವಿನ ಗೋಡೆಗಳನ್ನು ಕೆಡವಿರಿ. ಬಿತ್ತುವ ಕೆಲಸ ನಮ್ಮದಾಗಲಿ, ಬೆಳೆಸುವ ಚಿತ್ತ ನಿಮ್ಮದಾಗಲಿ. ಸಂತ ದೇವಸಹಾಯಂರವರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.